ತೋಟದಪ್ಪನ ಛತ್ರ ನಿಜಕ್ಕೂ ಇದೆ!

ಇದೆ! ಗೋಡೆ, ಬಾಗಿಲು, ಹೆಸರು ಸಮೇತ ಇದೆ. ಬೆಂಗಳೂರಿಗೆ ಬಂದು ಒಂಬತ್ತು ವರ್ಷವಾದ ಮೇಲೆ ಒಂದು ಮುಂಜಾನೆ ಐದೂವರೆಗೆ, ಹೆಗಲ ಮೇಲೆ ರೊಟ್ಟಿ ಗಂಟು ಹೊತ್ತು, ಮೊಣಕಾಲು ಹಿಡಿದುಕೊಂಡು ಬರುತ್ತಿದ್ದ ಕಾಕಾನ ಕೈ ಹಿಡಿದು, ಮೈಮೇಲೆ ಬರುತ್ತಿದ್ದ ಆಟೋಗಳನ್ನು ತಪ್ಪಿಸುತ್ತ ತಲೆ ಎತ್ತಿದವನು ಓದಿದೆ: ಗುಬ್ಬಿ ತೋಟದಪ್ಪ. ಇನ್ನೊಮ್ಮೆ ಓದಿದೆ. ನಿದ್ದೆಗಣ್ಣೇನೋ ಎಂದು ಕಣ್ಣುಜ್ಜಿ ಮೂರನೇ ಸಲ ಓದಿದೆ. ತೋಟದಪ್ಪ! ಅದೇ ತೋಟದಪ್ಪ! ನನ್ನ ಓನರಮ್ಮ ತಿಂಗಳಿಗೆರಡು ಸಲ ನನ್ನ ಮುಖಕ್ಕೆ ಎಸೆಯುವ ತೋಟದಪ್ಪ!

ಮೊದಲು ಆ ಬೈಗುಳದ ಕಥೆ ಹೇಳಬೇಕು.

ನಮ್ಮದು ನಾರ್ವ. ಎಲ್ಲಿ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾರಾಯಣಪೇಟೆ ಜಿಲ್ಲೆ ಅನ್ನುತ್ತೇನೆ. ಅದೂ ತಿಳಿಯದಿದ್ದರೆ ನಾರಾಯಣಪೇಟೆ ಸೀರೆ, ಗದ್ವಾಲ ಸೀರೆ ಅನ್ನುತ್ತೇನೆ. ಹೆಂಗಸರ ಮುಖ ಅರಳುತ್ತದೆ, ಗಂಡಸರಿಗೆ ಆಗಲೂ ಗೊತ್ತಾಗುವುದಿಲ್ಲ. ಅವರಿಗೆ ‘ರಾಯಚೂರು ದಾಟಿ, ಕೃಷ್ಣಾ ನದಿ ದಾಟಿ, ಮಕ್ತಲ್ ಕಡೆ’ ಎಂದು ಕೈ ತೋರಿಸಬೇಕು. ರಾಜ್ಯ ತೆಲಂಗಾಣ. ನಮ್ಮ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ರೊಕ್ಕದ ಲೆಕ್ಕ ಬಂದರೆ ಅರ್ಧ ಉರ್ದು. ಪಾಲಮೂರು ಲೇಬರ್ ಎಂದು ದೇಶದ ತುಂಬ ಹೆಸರಾದ ಸೀಮೆ ಇದು. ಅಣೆಕಟ್ಟು ಎಲ್ಲೇ ಎದ್ದರೂ ಮಣ್ಣು ಹೊತ್ತವರಲ್ಲಿ ನಮ್ಮವರಿದ್ದಾರೆ. ಈಗ ಅದೇ ಜನ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಕಾಂಕ್ರೀಟು ಹಾಕುತ್ತಾರೆ. ಹೀಗಾಗಿ ನನ್ನ ಒಂದೂವರೆ ಕೋಣೆಯ ಬಾಡಿಗೆ ಮನೆಗೆ ಊರಿನಿಂದ ಯಾರೋ ಒಬ್ಬರು ಬರುತ್ತಲೇ ಇರುತ್ತಾರೆ. ಒಬ್ಬ ಕೆಲಸ ಹುಡುಕಿಕೊಂಡು, ಒಬ್ಬ ದವಾಖಾನೆಗೆ, ಇನ್ನೊಬ್ಬ ಮಗ ಎಲ್ಲಿ ಕೆಲಸಕ್ಕಿದ್ದಾನೆ ಎಂದು ನೋಡಿಕೊಂಡು ಹೋಗಲಿಕ್ಕೆ. ಬಂದವರು ಮಲಗಬೇಕಲ್ಲ? ಸಾಲಾಗಿ ಚಾಪೆ ಹಾಸುತ್ತೇನೆ. ಮರುದಿನ ಬೆಳಿಗ್ಗೆ ನೀರಿನ ಮೋಟರು ಎರಡು ಸಲ ಓಡುತ್ತದೆ, ಓನರಮ್ಮ ಮೆಟ್ಟಿಲ ಮೇಲೆ ಪ್ರತ್ಯಕ್ಷ.

‘ಏನಪ್ಪಾ, ಇದೇನ್ ತೋಟದಪ್ಪನ ಛತ್ರ ಅಂದ್ಕೊಂಡ್ರಾ ನಿಮ್ಮೂರಿನೋರು?’

ನಾನು ಇದನ್ನು ಮಾತಿನ ವರಸೆ ಎಂದುಕೊಂಡಿದ್ದೆ, ದೇವರಾಣೆಗೂ! ನಮ್ಮ ಕಡೆ ‘ಇದೇನ್ ನಿಮ್ಮಪ್ಪನ ಮನಿ ಏನು?’ ಅಂದ ಹಾಗೆ ಇವರ ಕಡೆ ಯಾರೋ ಕಲ್ಪನೆಯ ತೋಟದಪ್ಪ ಎಂದು. ಬೀರಬಲ್ಲನ ಖಿಚಡಿಯನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ? ಹಾಗೇ ತೋಟದಪ್ಪನನ್ನೂ ನಾನು ಹುಡುಕಲಿಲ್ಲ. ಆದರೆ ನೋಡಿ, ನೂರಾರು ಸಲ ನಾನು ಅವನ ಹೆಸರಿನ ರಸ್ತೆಯ ಮೇಲೇ ನಡೆದಿದ್ದೆ. ಸಿಟಿ ರೈಲ್ವೆ ಸ್ಟೇಷನ್ನಿಗೂ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿಗೂ ನಡುವೆ, ಎರಡೂ ಕಡೆಯ ಜನ ಚೀಲ ಎತ್ತಿಕೊಂಡು ಓಡುವ ಆ ರಸ್ತೆಯ ಹೆಸರೇ ಗುಬ್ಬಿ ತೋಟದಪ್ಪ ರಸ್ತೆ. ಓಡುವವನು ಬೋರ್ಡು ಓದುತ್ತಾನೆಯೇ?

ಅವತ್ತು ಕಾಕಾನಿಂದಾಗಿ ನಿಧಾನವಾಗಿ ನಡೆದೆ. ಓದಿದೆ.

ಕಾಕಾ ಬಂದದ್ದು ಮೊಣಕಾಲು ತೋರಿಸಲಿಕ್ಕೆ. ರಾಯಚೂರಿನಲ್ಲಿ ರಾತ್ರಿ ಗಾಡಿ ಹತ್ತಿದವನು ಕತ್ತಲಿದ್ದಾಗಲೇ ಇಲ್ಲಿ ಇಳಿದಿದ್ದ. ನನ್ನ ಮನೆಯಲ್ಲಿ ಆಗಲೇ ಇಬ್ಬರಿದ್ದರು, ಓನರಮ್ಮ ಕೊನೆಯ ವಾರ್ನಿಂಗ್ ಕೊಟ್ಟಾಗಿತ್ತು. ಹಿಂದೊಮ್ಮೆ ಇದೇ ಆಸುಪಾಸಿನ ಒಂದು ಲಾಡ್ಜಿನಲ್ಲಿ ಊರಿನವರೊಬ್ಬರನ್ನು ಇಳಿಸಿ ಅನುಭವವಾಗಿತ್ತು. ‘ಚೆಕ್‌ಔಟ್ ಟೈಮ್ ಆಯ್ತು’ ಎಂದು ನಾಲ್ಕು ತಾಸಿಗೆ ಎರಡು ದಿನದ ದುಡ್ಡು ಕಿತ್ತಿದ್ದರು. ಅದನ್ನೆಲ್ಲ ಕಾಕಾನಿಗೆ ಹೇಗೆ ಹೇಳುವುದು ಎಂದು ಒಳಗೊಳಗೇ ಹೆಣೆಯುತ್ತಿದ್ದೆ. ಅಷ್ಟರಲ್ಲಿ ಈ ಹೆಸರು.

‘ಯಾಕಲೇ, ಯಾಕ್ ನಿಂತಿ?’

‘ಕಾಕಾ, ಇದು ತೋಟದಪ್ಪನ ಛತ್ರ!’

‘ಯಾರ ತೋಟಾ?’

‘ತೋಟ ಅಲ್ಲ ಕಾಕಾ, ತೋಟದಪ್ಪ. ಧರ್ಮಶಾಲಿ ಇದು. ಮಲ್ಕೊಳ್ಳಾಕ ಜಾಗ ಕೊಡ್ತಾರ!’

ಕಾಕಾ ಒಂದು ಕ್ಷಣ ಕಟ್ಟಡದ ಕಡೆ ನೋಡಿದ, ಆಮೇಲೆ ಹಿಂದೆ ತಿರುಗಿ ಸ್ಟೇಷನ್ನಿನ ಕಡೆ ನೋಡಿದ. ಮುಖದಲ್ಲಿ ಏನೋ ಲೆಕ್ಕ. ‘ನಾ ಹುಡುಗ ಇದ್ದಾಗ ಒಮ್ಮಿ ಬಂದಿದ್ದೆಲೇ ಇಲ್ಲಿ. ಆವಾಗ ಇನ್ನಾ ಸಣ್ಣ ಗಾಡಿ. ಗುಂತಕಲ್ಲಿನಾಗ ಇಳದು ಬದ್ಲಿ ಮಾಡಬೇಕಿತ್ತು. ಎರಡು ರಾತ್ರಿ ಪ್ಲಾಟ್‌ಫಾರ್ಮ್ ಮ್ಯಾಲೆ ಮಲ್ಕೊಂಡೀವಿ, ನಿಮ್ಮ ತಾತಾ, ನಾ. ಪೊಲೀಸಪ್ಪ ಬಡಿಗಿಲೆ ತಿವದು ಎಬ್ಬಸ್ತಿದ್ದ.’

‘ಇದು ಎದುರಿಗೇ ಇತ್ತಲ್ಲ ಕಾಕಾ!’

‘ಇತ್ತೇನು? ಆವಾಗೂ?’

ಇತ್ತು! ಕಾಕಾ ಹುಟ್ಟುವ ಮೊದಲೇ ಇತ್ತು, ತಾತ ಹುಟ್ಟುವ ಮೊದಲೂ ಇತ್ತು. 1903ರಿಂದ ಇತ್ತು. ಎರಡು ರಾತ್ರಿ ಪೊಲೀಸಪ್ಪನ ಬಡಿಗೆಯ ತುದಿಗೆ ಎದ್ದು ಕೂತ ಇಬ್ಬರು ನಾರ್ವದವರಿಗಾಗಿಯೇ ಎಂಬಂತೆ ಕಟ್ಟಿಸಿದ ಮನೆ ಒಂದು ರಸ್ತೆಯಾಚೆ ಬಾಗಿಲು ತೆರೆದುಕೊಂಡು ನಿಂತಿತ್ತು. ಹೇಳುವವರು ಮಾತ್ರ ಇರಲಿಲ್ಲ.

ಕಾಕಾನಿಗೆ ಕೋಣೆ ಸಿಕ್ಕಿತು. ಆಧಾರ್ ಕಾರ್ಡು ತೋರಿಸಿ, ರಿಜಿಸ್ಟರಿನಲ್ಲಿ ಊರಿನ ಹೆಸರು ಬರೆಸಿ, ದುಡ್ಡು ಕಟ್ಟಿ ಒಳಗೆ ಬಿಟ್ಟು ಬಂದೆ. ದುಡ್ಡೆಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ನೀವು ಓದುವ ಹೊತ್ತಿಗೆ ಬದಲಾಗಿರುತ್ತದೆ. ಮೆಜೆಸ್ಟಿಕ್ಕಿನ ಲಾಡ್ಜುಗಳ ದರ ಗೊತ್ತಿದ್ದವನಿಗೆ ರಸೀದಿ ನೋಡಿ ನಗು ಬಂತು ಎನ್ನುತ್ತೇನೆ, ಅಷ್ಟು ಸಾಕು. ಬಸ್ಸಿನಲ್ಲಿ ಕೂತು ಆಫೀಸಿಗೆ ಹೋದವನು ಅವತ್ತು ಕೆಲಸ ಮಾಡಲಿಲ್ಲ. ಯಾರು ಈ ತೋಟದಪ್ಪ? ಮಧ್ಯಾಹ್ನದೊಳಗೆ ಅದನ್ನು ತಿಳಿಯದಿದ್ದರೆ ಊಟ ಇಳಿಯುವಂತಿರಲಿಲ್ಲ.

ಕೇಳಿ. 1838ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ, ಒಂದು ಲಿಂಗಾಯತ ಮನೆಯಲ್ಲಿ ಹುಟ್ಟಿದವರು. ಹೌದು, ಅದೇ ಗುಬ್ಬಿ. ಆಮೇಲೆ ವೀರಣ್ಣನವರ ನಾಟಕ ಕಂಪನಿಯಿಂದ ಕರ್ನಾಟಕದ ತುಂಬ ಹೆಸರಾಯಿತಲ್ಲ, ಅದೇ. ಮನೆಯವರು ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದರು. ತೋಟದಪ್ಪನವರು ಮಾಮೂಲ್‌ಪೇಟೆಯಲ್ಲಿ ಅಂಗಡಿ ಇಟ್ಟರು. ಮಾಮೂಲ್‌ಪೇಟೆ ನೋಡಿದ್ದೀರಾ? ಚಿಕ್ಕಪೇಟೆಯ ಮಗ್ಗುಲಿಗೆ, ಎರಡು ಕೈಗಾಡಿ ಎದುರಾದರೆ ಇಡೀ ಊರೇ ನಿಂತುಹೋಗುವ ಗಲ್ಲಿ. ಅಂಥ ಗಲ್ಲಿಯಲ್ಲಿ ಕೂತು ಒಬ್ಬ ವ್ಯಾಪಾರಿ ದುಡಿದರು, ದುಡ್ಡಾಯಿತು. ಮಕ್ಕಳಾಗಲಿಲ್ಲ.

ಮಕ್ಕಳಿಲ್ಲದ ಶ್ರೀಮಂತ ಆ ಕಾಲದಲ್ಲಿ ಏನು ಮಾಡುತ್ತಿದ್ದ? ದತ್ತು ತೆಗೆದುಕೊಳ್ಳುತ್ತಿದ್ದ. ಇಲ್ಲವೇ ದೇವಸ್ಥಾನಕ್ಕೆ ಗೋಪುರ ಕಟ್ಟಿಸುತ್ತಿದ್ದ. ಇವರು 1897ರಲ್ಲಿ ರೈಲ್ವೆಯವರಿಂದ ಸ್ಟೇಷನ್ನಿನ ಹತ್ತಿರವೇ ಎರಡೂವರೆ ಎಕರೆ ಜಾಗ ಕೊಂಡರು! ದೇವಸ್ಥಾನದ ಪಕ್ಕ ಅಲ್ಲ, ಮಠದ ಪಕ್ಕ ಅಲ್ಲ, ರೈಲು ಇಳಿಯುವ ಜಾಗದ ಪಕ್ಕ. ಈ ಜಾಗದ ಆಯ್ಕೆಯೇ ನನ್ನನ್ನು ಮರುಳು ಮಾಡಿಬಿಟ್ಟಿತು. ನಮ್ಮಲ್ಲಿ ಛತ್ರವೆಂದರೆ ಯಾತ್ರೆಯ ದಾರಿಗೆ ಸೇರಿದ್ದು. ಗುಡಿಯ ಸುತ್ತ, ಹೊಳೆಯ ದಂಡೆಗೆ, ಪುಣ್ಯಕ್ಷೇತ್ರದ ಅಂಚಿಗೆ ಕಟ್ಟಿಸುವಂಥದು. ಮಾಮೂಲ್‌ಪೇಟೆಯ ಈ ವ್ಯಾಪಾರಿ ಹೊಸ ಕಾಲದ ಪರದೇಶಿ ಎಲ್ಲಿ ಬಂದು ನಿಲ್ಲುತ್ತಾನೆ ಎಂದು ಸರಿಯಾಗಿ ಹಿಡಿದರು. ಅವನು ಹೊಸ್ತಿಲಲ್ಲಿ ನಿಲ್ಲುವುದಿಲ್ಲ, ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಾನೆ. ಮೈಸೂರಿನ ಕಡೆಗೆ ಹಳಿ ಬಿದ್ದಿತ್ತು, ತುಮಕೂರು ಗುಬ್ಬಿಗಳ ಕಡೆಗೂ ಬಿದ್ದಿತ್ತು. ಗುಂತಕಲ್ಲಿನ ಕಡೆಯಿಂದಲೂ ಬಂದು ಸೇರಿತ್ತು. ಹಳಿಗೊಂದು ದಿಕ್ಕಿನ ಜನ. ಗಾಡಿ ಇಳಿದವರು ಊರೊಳಗೆ ನೆಂಟರಿದ್ದರೆ ಹೋದರು, ಇಲ್ಲದವರು ಗಂಟಿನ ಮೇಲೆ ತಲೆ ಇಟ್ಟು ಅಲ್ಲೇ ಒರಗಿದರು.

ಕೊಂಡ ಮರುವರ್ಷವೇ ಏನಾಯಿತು ಗೊತ್ತೇ? ಪ್ಲೇಗು! 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಬಂದದ್ದು ಹೇಗೆ? ರೈಲಿನಲ್ಲಿ, ಹುಬ್ಬಳ್ಳಿಯ ಕಡೆಯಿಂದ. ಇಲಿ ಬಿದ್ದ ಮನೆ ಬಿಟ್ಟು ಜನ ಬಯಲಿಗೆ ಓಡಿದರು, ಪೇಟೆಯ ಗಲ್ಲಿಗಳು ಬರಿದಾದವು. ರೈಲಿನಿಂದ ಇಳಿದ ಅಪರಿಚಿತನನ್ನು ಕಂಡರೆ ಹತ್ತು ಮಾರು ದೂರ ಸರಿಯುವ ಕಾಲ. ಕೋವಿಡ್ ವರ್ಷ ನಾರ್ವಕ್ಕೆ ವಾಪಸು ಹೋದ ನಮ್ಮ ಹುಡುಗರನ್ನು ಊರ ಹೊರಗಿನ ಶಾಲೆಯಲ್ಲಿ ಕೂಡಿಹಾಕಿದ್ದು ನೆನಪಿದ್ದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಅಂಥ ಹೊತ್ತಿನಲ್ಲಿ, ರೈಲಿನಿಂದ ಇಳಿದ ಅಪರಿಚಿತನಿಗಾಗಿಯೇ ಮನೆ ಕಟ್ಟಿಸುತ್ತೇನೆಂದು ಹೊರಟ ಮನುಷ್ಯ ತನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅರುವತ್ತು ತುಂಬಿದ ವಯಸ್ಸಿನಲ್ಲಿ!

1903ರ ಫೆಬ್ರವರಿ 11. ಧರ್ಮಛತ್ರದ ಬಾಗಿಲು ತೆರೆಯಿತು. ತೆರೆದವರು ನಾಲ್ವಡಿ ಕೃಷ್ಣರಾಜ ಒಡೆಯರು. ನಾವೆಲ್ಲ ಪಟದಲ್ಲಿ ಕಂಡ ಗಂಭೀರ ಮುಖದ ರಾಜರ್ಷಿ ಎಂದುಕೊಂಡಿರೋ, ಅಲ್ಲ! ಹುಟ್ಟಿದ್ದು 1884ರ ಜೂನಿನಲ್ಲಿ. ಲೆಕ್ಕ ಹಾಕಿ, ಅವತ್ತಿಗೆ ಇನ್ನೂ ಹದಿನೆಂಟರ ಹುಡುಗ. ಅಧಿಕಾರ ಕೈಗೆ ಬಂದು ಆರು ತಿಂಗಳಾಗಿತ್ತು ಅಷ್ಟೇ. ಮೀಸೆ ಚಿಗುರುತ್ತಿದ್ದ ದೊರೆ ಒಂದು ಕಡೆ, ಅರುವತ್ತೈದರ ಆಸುಪಾಸಿನ ಪೇಟೆಯ ವ್ಯಾಪಾರಿ ಇನ್ನೊಂದು ಕಡೆ. ಆ ಹೊಸ್ತಿಲ ಮೇಲೆ ಇಬ್ಬರನ್ನೂ ನಿಲ್ಲಿಸಿ ನೋಡುತ್ತೇನೆ, ಕಣ್ಣು ತುಂಬುತ್ತದೆ. ಬೆಂಗಳೂರಿನ ಬೀದಿಗೆ ಇನ್ನೂ ವಿದ್ಯುದ್ದೀಪ ಬಂದಿರಲಿಲ್ಲ, ಅದು ಬಂದದ್ದು 1905ರಲ್ಲಿ. ಅಂದರೆ ಮೊದಮೊದಲು ಬಂದು ಇಳಿದ ಪರದೇಶಿಗಳು ಎಣ್ಣೆ ದೀಪದ ಬೆಳಕಿನಲ್ಲಿ ಈ ಬಾಗಿಲನ್ನು ಹುಡುಕಿಕೊಂಡು ಬಂದಿರಬೇಕು. ನಾನು ಅಷ್ಟೊಂದು ಲೈಟುಗಳ ಕೆಳಗೆ ಒಂಬತ್ತು ವರ್ಷ ಹುಡುಕಲಾರದೆ ಹೋದೆ.

ಇಲ್ಲಿ ಒಂದು ಅಡ್ಡಕಥೆ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. 1902ರ ಆಗಸ್ಟಿನಲ್ಲಿ ಈ ಹುಡುಗ ದೊರೆಗೆ ಅಧಿಕಾರ ವಹಿಸಿಕೊಡಲು ಮೈಸೂರಿಗೆ ಬಂದವನು ವೈಸರಾಯ್ ಲಾರ್ಡ್ ಕರ್ಜನ್. ಅದೇ ಕರ್ಜನ್ ಹಳೆಯ ಸ್ಮಾರಕಗಳ ವಿಚಾರದಲ್ಲಿ ಮಹಾ ಹಟವಾದಿ. 1904ರಲ್ಲಿ ಅವುಗಳ ರಕ್ಷಣೆಗೆ ಕಾನೂನನ್ನೇ ತಂದ. ನಮ್ಮ ವಿಜಾಪುರದಲ್ಲಿ ಆಗ ಆದಿಲ್‌ಶಾಹಿ ಕಾಲದ ಒಂದು ಮಸೀದಿಯೊಳಗೆ ಸರ್ಕಾರಿ ಪ್ರವಾಸಿ ಬಂಗಲೆ ನಡೆಯುತ್ತಿತ್ತು! ಸಾಹೇಬರು ಬಂದು ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದರು. ಇನ್ನೊಂದು ಮಸೀದಿ ಅಂಚೆ ಕಚೇರಿಯಾಗಿತ್ತು. ಎರಡನ್ನೂ ಖಾಲಿ ಮಾಡಿಸಿದೆ ಎಂದು ಕರ್ಜನ್ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಬಿಡಿಸಿದ್ದು ಒಳ್ಳೆಯದೇ. ಆದರೆ ಸಾಹೇಬರ ರಾತ್ರಿ ವಸತಿಗೆ ಸುಲ್ತಾನರ ಮಸೀದಿಯೇ ಬೇಕಾಗಿದ್ದ ಕಾಲದಲ್ಲಿ, ಗಂಟು ಹೊತ್ತ ರೈತನ ರಾತ್ರಿ ವಸತಿಗೆ ಒಬ್ಬ ಅಂಗಡಿಯವನು ತನ್ನ ಗಲ್ಲೆಯ ದುಡ್ಡು ಸುರಿದ ಎಂಬುದನ್ನು ಎದುರುಬದುರು ಇಟ್ಟು ನೋಡಿ.

ನಮ್ಮ ಕಡೆ ಛತ್ರ ಅನ್ನುವುದಿಲ್ಲ. ಧರ್ಮಶಾಲಿ ಅನ್ನುತ್ತೇವೆ, ಹಳಬರು ಮುಸಾಫರಖಾನಾ ಅನ್ನುತ್ತಾರೆ, ಸರಾಯಿ ಅನ್ನುತ್ತಾರೆ. ಹೈದರಾಬಾದಿನಲ್ಲಿ ನಾಂಪಲ್ಲಿ ಸ್ಟೇಷನ್ನಿನ ಎದುರಿಗೆ ಏಳನೇ ನಿಜಾಮರ ಕಾಲದ ಅಂಥದೇ ಒಂದು ಸರಾಯಿ ಇದೆ. ರೈಲು ಎಲ್ಲಿ ಇಳಿಸುತ್ತದೋ ಅಲ್ಲೇ ಮಲಗಲು ಜಾಗ, ಅದೇ ಲೆಕ್ಕ. ಅಲ್ಲಿ ಕಟ್ಟಿಸಿದವನು ಜಗತ್ತಿನ ದೊಡ್ಡ ಸಾಹುಕಾರರಲ್ಲಿ ಒಬ್ಬ ಎನಿಸಿಕೊಂಡ ನಿಜಾಮ, ಇಲ್ಲಿ ಮಾಮೂಲ್‌ಪೇಟೆಯ ಒಬ್ಬ ಶೆಟ್ಟರು. ಇಷ್ಟೇ ವ್ಯತ್ಯಾಸ!

ಛತ್ರ ಎಂಬ ಮಾತಿನ ಹಿಂದೆ ಬಿದ್ದೆನೋ, ಅದು ಇನ್ನೊಂದು ಸುರಂಗ. ಸತ್ರ ಅಂದರೆ ಹಿಂದೆ ದಿನಗಟ್ಟಲೆ ನಡೆಯುವ ಯಾಗ. ಯಾಗ ನಡೆದಲ್ಲಿ ಊಟ, ಊಟವಿದ್ದಲ್ಲಿ ಬಂದವರಿಗೆಲ್ಲ ಎಲೆ. ಯಾಗ ಹೋಗಿ ಊಟ ಉಳಿಯಿತು, ಊಟದ ಜೊತೆಗೆ ವಸತಿ ಸೇರಿತು. ನಮ್ಮ ಹಳೆಯ ಶಾಸನಗಳಲ್ಲಿ ಕೆರೆ, ಅರವಟ್ಟಿಗೆಗಳ ಸಾಲಿನಲ್ಲೇ ಸತ್ರವೂ ಬರುತ್ತದೆ. ತೆಲುಗರು ಈಗಲೂ ಸತ್ರಂ ಅನ್ನುತ್ತಾರೆ, ನಮ್ಮೂರಲ್ಲೂ. ಕನ್ನಡದ ಬಾಯಲ್ಲಿ ಅದು ಛತ್ರವಾಗಿ, ಕೊಡೆ ಎಂಬ ಅರ್ಥದ ಛತ್ರದ ಜೊತೆ ಹೋಗಿ ಕೂತುಬಿಟ್ಟಿತು. ಮಳೆಗೆ ಹಿಡಿಯುವುದೂ ಛತ್ರ, ಮಲಗಲಿಕ್ಕೆ ಕೊಡುವುದೂ ಛತ್ರ! ಇಂಗ್ಲಿಷರು ನಮ್ಮ ಚಾವಡಿಯನ್ನು ಹಿಡಿದು ಚೌಲ್ಟ್ರಿ ಮಾಡಿಕೊಂಡರು. ಈಗ ಬೆಂಗಳೂರಿನಲ್ಲಿ ‘ಛತ್ರ ಬುಕ್ ಆಯ್ತಾ?’ ಎಂದರೆ ಮದುವೆಯ ಮಾತು. ಲಕ್ಷಗಟ್ಟಲೆ ಬಾಡಿಗೆ, ಹೂವಿನ ಅಲಂಕಾರ ಬೇರೆ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರಕ್ಕೆ ಹೋದರೆ ಯಾವುದೋ ಮೇಳವೋ ವಸ್ತುಪ್ರದರ್ಶನವೋ ನಡೆಯುತ್ತಿರುತ್ತದೆ. ತಿರುಮಲದ ಕರ್ನಾಟಕ ಛತ್ರ ಯಾತ್ರಿಕರದು. ಯಾತ್ರೆಯೂ ಅಲ್ಲದ, ಮದುವೆಯೂ ಅಲ್ಲದ, ಸುಮ್ಮನೆ ಊರಿಗೆ ಬಂದ ಬಡಪಾಯಿಯ ಛತ್ರ, ನಾನು ಕಂಡಂತೆ, ಇದೇ.

ಇನ್ನು ಆ ಹೆಸರು. ಸಂಸ್ಥೆಯ ಪೂರ್ತಿ ಹೆಸರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪ ಚಾರಿಟೀಸ್. ಒಂದೇ ಉಸಿರಿನಲ್ಲಿ ಹೇಳಿ ನೋಡಿ. ನಾನು ಅದನ್ನು ಹಿಂದಿನಿಂದ ಮುಂದಕ್ಕೆ ಬಿಚ್ಚಿದೆ, ಮಡಿಚಿಟ್ಟ ಇಳಕಲ್ ಸೀರೆ ಬಿಚ್ಚಿದ ಹಾಗೆ. ತೋಟದಪ್ಪ ಎಂಬುದು ತಾಯಿತಂದೆ ಇಟ್ಟದ್ದು. ಗುಬ್ಬಿ ಎಂಬುದು ಬಿಟ್ಟು ಬಂದರೂ ಬಿಡದ ಊರು. ಧರ್ಮಪ್ರವರ್ತ ಎಂಬುದು ಛತ್ರ ತೆರೆದ ಎರಡು ವರ್ಷಕ್ಕೆ, 1905ರಲ್ಲಿ, ನಾಲ್ವಡಿಯವರು ಕೊಟ್ಟದ್ದು. ರಾವ್ ಬಹದ್ದೂರ್ ಎಂಬುದು ಬ್ರಿಟಿಷ್ ಸರ್ಕಾರ ಕೊಟ್ಟದ್ದು, 1910ರಲ್ಲಿ. ಅದೇ ವರ್ಷದ ಫೆಬ್ರವರಿ 21ರಂದು ತೋಟದಪ್ಪನವರು ತೀರಿಕೊಂಡರು. ಮುಂದಿನ ಪದವಿಯನ್ನು ಅವರು ಎಷ್ಟು ದಿನ ಹೊತ್ತರು ಹೇಳಿ! ಉದ್ದ ಹೆಸರಿನ ಎಡತುದಿಯಲ್ಲಿ ಸಾವು, ಬಲತುದಿಯಲ್ಲಿ ತೊಟ್ಟಿಲು. ಜನ ಮಾತ್ರ ಎಲ್ಲ ಕಳಚಿ ಹಾಕಿ ‘ತೋಟದಪ್ಪನ ಛತ್ರ’ ಎಂದರು. ಬೈಯುವುದಕ್ಕೆ ಉದ್ದ ಹೆಸರು ಅನುಕೂಲವಲ್ಲ.

ಆದರೆ ಮನುಷ್ಯ ಹೋದ ಮೇಲೆ ಮನೆ ಹೇಗೆ ಉಳಿಯಿತು? ನಮ್ಮೂರಲ್ಲಿ ಗೌಡರು ಕಟ್ಟಿಸಿದ ಚಾವಡಿಯಲ್ಲಿ ಮೊಮ್ಮಗ ರಸಗೊಬ್ಬರ ತುಂಬಿಟ್ಟಿದ್ದಾನೆ. ಇಲ್ಲಿ ಹಾಗಾಗಲಿಲ್ಲ, ಯಾಕೆಂದರೆ ತೋಟದಪ್ಪನವರು ಸಾಯುವ ಮೊದಲೇ ತಮ್ಮ ಆಸ್ತಿಯನ್ನೆಲ್ಲ ಟ್ರಸ್ಟಿಗೆ ಬರೆದಿದ್ದರು. ಅದರ ಅಧ್ಯಕ್ಷತೆಗೆ ಅವರು ಬಯಸಿದ್ದು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರನ್ನು. ಬೆಂಗಳೂರಿನವರು ಈ ಹೆಸರನ್ನೂ ದಿನಾ ಹೇಳುತ್ತಾರೆ, ಹೇಳುತ್ತಿದ್ದೇವೆಂದು ಗೊತ್ತಿಲ್ಲದೆ. ಟೌನ್‌ಹಾಲ್ ಮೆಟ್ಟಿಲ ಮೇಲೆ ಧರಣಿ ಕೂರುತ್ತಾರಲ್ಲ, ಆ ಪುರಭವನ ಸರ್ ಪುಟ್ಟಣ್ಣ ಚೆಟ್ಟಿಯವರ ಹೆಸರಿನದೇ. ಆ ಟ್ರಸ್ಟು ಓದುವ ಹುಡುಗರಿಗೆ ಉಚಿತ ಹಾಸ್ಟೆಲನ್ನೂ ನಡೆಸಿಕೊಂಡು ಬಂತು. ಒಂದು ರಾತ್ರಿ ತಂಗುವವನಿಗೆ ಛತ್ರ, ನಾಲ್ಕಾರು ವರ್ಷ ತಂಗುವವನಿಗೆ ಹಾಸ್ಟೆಲು. ಹಳ್ಳಿಯಿಂದ ಬಂದು ತೋಟದಪ್ಪ ಹಾಸ್ಟೆಲಿನಲ್ಲಿದ್ದು ಓದಿದೆ ಎಂದು ಹೇಳಿಕೊಳ್ಳುವ ಹಿರಿಯರು ನಿಮಗೂ ಸಿಕ್ಕಿರಬಹುದು. ನನಗೆ ನಮ್ಮ ಆಫೀಸಿನಲ್ಲೇ ಒಬ್ಬರು ಸಿಕ್ಕರು, ಅವತ್ತೇ ಮಧ್ಯಾಹ್ನ ಕ್ಯಾಂಟೀನಿನಲ್ಲಿ! ಮೂರು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವರು. ‘ನೀವ್ಯಾವತ್ತೂ ಕೇಳ್ಲಿಲ್ಲವಲ್ಲ’ ಅಂದರು.

ನೂರು ವರ್ಷವೆಂದರೆ ಗೋಡೆಗೂ ಸುಸ್ತಾಗುತ್ತದೆ. ಛತ್ರ ರಿಪೇರಿಯಾಗಿ ಮತ್ತೆ ತೆರೆದದ್ದು 2005ರಲ್ಲಿ. ದಿನ ಯಾವುದು? ಫೆಬ್ರವರಿ 11! ಹುಡುಗ ದೊರೆ ಬಾಗಿಲು ತೆರೆದ ಅದೇ ತಾರೀಖು, ನೂರಾ ಎರಡು ವರ್ಷದ ಮೇಲೆ. ಸುತ್ತಲಿನ ಊರು ಅಷ್ಟರಲ್ಲಿ ಗುರುತು ಸಿಗದಂತಾಗಿತ್ತು. ಕೆಂಪೇಗೌಡರ ಕಾಲದ ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳ ಬಸ್ ಸ್ಟ್ಯಾಂಡಾಗಿತ್ತು. ಮೆಜೆಸ್ಟಿಕ್ ಎಂಬ ಹೆಸರು ಕೊಟ್ಟ ಸಿನಿಮಾ ಥಿಯೇಟರೇ ಇಲ್ಲವಾಗಿತ್ತು. ಆಮೇಲೆ ಸ್ಟೇಷನ್ನಿಗೆ ಸಂಗೊಳ್ಳಿ ರಾಯಣ್ಣನ ಹೆಸರು ಬಂತು, ನೆಲದಡಿಗೆ ಮೆಟ್ರೊ ಬಂತು. ಆ ಮೆಟ್ರೊದ ಕೆಲಸಕ್ಕೆ ನಮ್ಮೂರಿನ ಹುಡುಗರೂ ಹೋಗಿದ್ದರು. ತೋಟದಪ್ಪನ ಕೂಗಳತೆಯಲ್ಲೇ ತಿಂಗಳುಗಟ್ಟಲೆ ದುಡಿದು, ತಗಡಿನ ಶೆಡ್ಡಿನಲ್ಲಿ ಮಲಗಿ ಎದ್ದು ಹೋದರು. ಕೆರೆ ಹೋಯಿತು, ಥಿಯೇಟರು ಹೋಯಿತು, ಛತ್ರ ನಿಂತಿತು. ಇಂಥ ಜಾಗದಲ್ಲಿ ಎರಡೂವರೆ ಎಕರೆ ಎಂದರೆ ಬೆಂಗಳೂರಿನ ಬಿಲ್ಡರುಗಳ ಬಾಯಲ್ಲಿ ನೀರೂರದೆ ಇರುತ್ತದೆಯೇ? ಅದನ್ನು ನೆನೆದಾಗಲೆಲ್ಲ ಹೋಗಿ ಗೋಡೆ ಮುಟ್ಟಿ ನೋಡಿ ಬರಬೇಕೆನಿಸುತ್ತದೆ.

ಸಂಜೆ ಓಡಿದೆ. ಕಾಕಾ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಂಚದ ಮೇಲೆ ಕಾಲು ಚಾಚಿ, ಪೇಪರಿನ ಮೇಲೆ ರೊಟ್ಟಿ ಹರವಿಕೊಂಡು ಕೂತಿದ್ದ. ಮೂರು ಜೋಳದ ರೊಟ್ಟಿ, ಒಣಗಿ ಅಂಚು ಮೇಲೆದ್ದವು. ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅದರ ನಡುವೆ ಬೆರಳಿನಿಂದ ಗುಂಡಿ ಮಾಡಿ ಸುರಿದ ಎಣ್ಣೆ. ಉಳ್ಳಾಗಡ್ಡಿಯನ್ನು ಅಂಗೈಯಲ್ಲಿ ಗುದ್ದಿ ಒಡೆದಿದ್ದ. ನಾರ್ವದ ನಮ್ಮ ಪಡಸಾಲೆಯಲ್ಲಿ ಹೇಗೆ ಕೂರುತ್ತಾನೋ ಹಾಗೇ. ನನ್ನ ಮನೆಯಲ್ಲಿ ಕಾಕಾ ಹೀಗೆ ಯಾವತ್ತೂ ಕೂತಿರಲಿಲ್ಲ, ಗೋಡೆಗೆ ಅಂಟಿಕೊಂಡು, ಕಾಲು ಮಡಿಚಿಕೊಂಡು, ‘ನಾಳಿ ಹೋಗ್ತೀನಿ’ ಎಂದು ತಾನಾಗಿ ಹೇಳುತ್ತ ಕೂರುತ್ತಿದ್ದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

‘ಹೆಂಗದ ಕಾಕಾ?’

‘ಛಂದ ಅದ. ಗಾಡಿ ಅಲೌನ್ಸ್ ಕೇಳ್ತದ. ನಮ್ಮ ಗಾಡಿ ಬಂತು ಅಂದ್ರ ಇಲ್ಲೇ ತಿಳೀತದ.’ ಒಂದು ತುತ್ತು ಅಗಿದು, ‘ಈ ತೋಟದಪ್ಪ ಅನ್ನಾವ ಎಲ್ಲಿರ್ತಾನ? ಹೋಗೂಕಿಂತ ಮೊದಲ ಒಂದ್ ಶರಣು ಮಾಡಿ ಹೋಗಾಣ.’

‘ಅವ್ರು ತೀರಿಕೊಂಡು ನೂರು ವರ್ಷದ ಮ್ಯಾಲಾತು ಕಾಕಾ.’

ಕಾಕಾ ಅಗಿಯುವುದನ್ನು ನಿಲ್ಲಿಸಿದ. ‘ಹಂಗಾದ್ರ ರೊಕ್ಕ ಯಾರ ಕೈಯಾಗ ಕೊಟ್ಟಿ ನೀ, ಬೆಳಿಗ್ಗೆ?’

ಟ್ರಸ್ಟು, ಆಸ್ತಿ, ಅಧ್ಯಕ್ಷರು ಎಲ್ಲ ವಿವರಿಸಿದೆ. ಅರ್ಧ ಕೇಳಿದ, ಅರ್ಧ ಬಿಟ್ಟ. ಮೂರನೇ ದಿನ, ಮೊಣಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಊರಿಗೆ ಹೊರಟವನು ಕೌಂಟರಿನ ಮುಂದೆ ನಿಂತ. ಗಂಟು ಬಿಚ್ಚಿ, ಉಳಿದಿದ್ದ ಎರಡು ರೊಟ್ಟಿ ತೆಗೆದು, ಹಿಂಡಿಯ ಡಬ್ಬಿಯ ಮುಚ್ಚಳ ಒತ್ತಿ ನೋಡಿ, ಕೌಂಟರಿನ ಹುಡುಗನ ಮುಂದೆ ಇಟ್ಟ. ಹುಡುಗ ನನ್ನ ಮುಖ ನೋಡಿದ. ನಾನು ತಗೊಳ್ಳಪ್ಪಾ ಎಂದು ಕಣ್ಣಲ್ಲೇ ಹೇಳಿದೆ. ‘ಡಬ್ಬಿ ವಾಪಸ್ ಬೇಡ್ವಾ ಅಜ್ಜ?’ ಎಂದ ಹುಡುಗ. ‘ಮುಂದಿನ ಸಲ ಬಂದಾಗ ಒಯ್ತೀನಿ’ ಎಂದ ಕಾಕಾ.

ರಾತ್ರಿ ಮನೆಗೆ ಬಂದರೆ ಓನರಮ್ಮ ಗೇಟಿನ ಹತ್ತಿರವೇ ಇದ್ದರು. ಮನೆಯಲ್ಲಿದ್ದ ಇಬ್ಬರು ಮೂವರಾಗಿದ್ದರಂತೆ, ನನಗೇ ಗೊತ್ತಿರಲಿಲ್ಲ. ‘ನಾನು ಹೇಳಿದ್ದೇನು, ನೀನು ಮಾಡ್ತಿರೋದೇನು? ಇದೇನ್ ತೋಟದಪ್ಪನ...’

‘ಅಮ್ಮಾ, ಮೂರು ದಿನದಿಂದ ಅಲ್ಲಿಗೇ ಹೋಗಿ ಬರ್ತಿದೀನಿ!’ ಎಂದೆ. ತಡೆಯಲಾಗಲಿಲ್ಲ. 1897, ಪ್ಲೇಗು, ಹದಿನೆಂಟರ ಮಹಾರಾಜರು, ಎರಡೂವರೆ ಎಕರೆ, ಪುಟ್ಟಣ್ಣ ಚೆಟ್ಟಿ, ಕಾಕಾನ ರೊಟ್ಟಿ, ಎಲ್ಲವನ್ನೂ ಗೇಟಿನ ಹತ್ತಿರವೇ ಸುರಿದುಬಿಟ್ಟೆ. ಬೆಂಗಳೂರಿನಲ್ಲೇ ಹುಟ್ಟಿ, ಬೆಂಗಳೂರಿನಲ್ಲೇ ಬೆಳೆದು, ಅವರಮ್ಮನ ಬಾಯಿಂದ ಆ ಬೈಗುಳ ಕಲಿತು, ಅರುವತ್ತು ವರ್ಷ ಅದನ್ನು ತಪ್ಪದೆ ಬಳಸಿಕೊಂಡು ಬಂದ ನಮ್ಮ ಓನರಮ್ಮ ಬಾಯಿ ಬಿಟ್ಟುಕೊಂಡು ಕೇಳಿದರು.

‘ಇನ್ನೂ ಇದ್ಯಾ ಅದು?’

‘ಇದೆ ಅಮ್ಮ. ಸ್ಟೇಷನ್ ಹತ್ರಾನೇ.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಗೇಟಿನ ಚಿಲಕವನ್ನು ಅತ್ತ ಇತ್ತ ಆಡಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

‘ಬಾಡಿಗೆ ಎಷ್ಟು ತಗೋತಾರಂತೆ?’